ಯಾರೂ ಕಟ್ಟಿಕೊಳ್ಳದ ವಾಚು

ಮನೆಯಿಂದ,
ಮಾರ್ಚ್ ಹದಿನೈದು, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೋ, ಇಲ್ಲ ಅಲ್ಲಿಯೂ ಯಾರು ಬೇಡವೆಂದರೂ ಕೇಳದೆ ಬಗ್ಗಿ ನೆಲ ಒರೆಸಿ ಜಾಸ್ತಿ ಮಾಡಿಕೊಂಡಿದ್ದೀಯೋ? ಬಿ.ಪಿ. ಮಾತ್ರೆ ಮುಗಿಯುವ ಮೊದಲೇ ಹೇಳು, ಕಳಿಸುತ್ತೇನೆ. ಚಿಕ್ಕಮ್ಮನ ಮಂಡಿ ಹೇಗಿದೆ? ಕೋಲು ಬಿಟ್ಟು ನಡೆಯುತ್ತಿದ್ದೇನೆ ಎಂದು ಮೊನ್ನೆ ಅವರೇ ಹೇಳಿದರು. ಹೇಳುವಾಗ ಅವರ ದನಿಯಲ್ಲಿ, ನಿಮ್ಮಮ್ಮ ಇಲ್ಲಿರುವುದಕ್ಕೆ ಇನ್ನು ನನ್ನ ಮಂಡಿ ನೆಪವಾಗುವುದಿಲ್ಲ ಎಂಬುದೂ ಇತ್ತು. ಇದೆಲ್ಲ ಫೋನಿನಲ್ಲೇ ಕೇಳಬಹುದಿತ್ತಲ್ಲ, ಪತ್ರ ಯಾಕೆ ಎನ್ನುತ್ತೀಯ. ಫೋನಿನಲ್ಲಿ ವಾಚು ಎಂಬ ಮಾತು ಬಂದ ಕೂಡಲೇ ಒಲೆಯ ಮೇಲೆ ಹಾಲು ಉಕ್ಕುತ್ತಿದೆ ಎಂದು ಇಟ್ಟುಬಿಡುತ್ತೀಯ. ಎರಡೂವರೆ ತಿಂಗಳಲ್ಲಿ ಒಂಬತ್ತು ಸಲ ಹಾಲು ಉಕ್ಕಿದೆ. ಪತ್ರವಾದರೆ ಹೆಚ್ಚೆಂದರೆ ಅರ್ಧ ಓದಿ ಮಡಿಸಿ ದಿಂಬಿನ ಕೆಳಗೆ ಇಡುತ್ತೀಯ. ನಾಳೆ ಮತ್ತೆ ತೆಗೆದು ಓದದೆ ಇರುವವಳಲ್ಲ ನೀನು.

ಇಲ್ಲಿ ನಾನು ಚೆನ್ನಾಗಿದ್ದೇನೆ. ನಿನ್ನ ಹೊಲಿಗೆ ಕ್ಲಾಸಿನ ಹುಡುಗಿಯರು ದಾರಿಯಲ್ಲಿ ಸಿಕ್ಕಾಗಲೆಲ್ಲ ಟೀಚರ್ ಯಾವಾಗ ಬರುತ್ತಾರೆ ಎಂದು ಕೇಳುತ್ತಾರೆ. ಅರ್ಧ ಹೊಲಿದ ರವಿಕೆಗಳನ್ನು ಮನೆಗೆ ಒಯ್ದು ಅಮ್ಮಂದಿರ ಹತ್ತಿರ ಬೈಸಿಕೊಳ್ಳುತ್ತಿದ್ದಾರಂತೆ. ಅಪ್ಪ ಚೆನ್ನಾಗಿದ್ದಾರೆ ಎಂದು ಪ್ರತಿ ಸಲ ಹೇಳುತ್ತಿದ್ದೆನಲ್ಲ, ಈ ಸಲ ಹಾಗೆ ಬರೆಯಲಾರೆ. ಗಾಬರಿಯಾಗಬೇಡ. ಎದ್ದು ಓಡಾಡುತ್ತಿದ್ದಾರೆ, ಊಟ ಮಾಡುತ್ತಿದ್ದಾರೆ, ಇವತ್ತು ಭಾನುವಾರವಾದ್ದರಿಂದ ಬೆಳಗಾಗುವ ಮೊದಲೇ ಸಲೂನು ತೆರೆಯಲೂ ಹೋಗಿದ್ದಾರೆ. ಆದರೆ ಹೇಳಬೇಕಾದದ್ದು ಇದೆ, ಮತ್ತು ಅದನ್ನು ಹೇಳಬೇಕಾದರೆ ಚಿಕ್ಕವನ ವಾಚಿನಿಂದಲೇ ಶುರುಮಾಡಬೇಕು. ಇಲ್ಲಿಗೆ ನಿಲ್ಲಿಸಬೇಡಮ್ಮಾ, ಮುಂದಕ್ಕೆ ಓದು.

ಆ ವಾಚಿನ ವಿಷಯ ನಿನಗೆ ಸರಿಯಾಗಿ ಗೊತ್ತೇ ಇಲ್ಲ. ಅದನ್ನು ಕೊಂಡ ದಿನ ತಮ್ಮ ನನಗೂ ಅಪ್ಪನಿಗೂ ಒಂದು ಗಂಟೆ ಪಾಠ ಮಾಡಿದ. ನಿನ್ನಿಂದ ಮಾತ್ರ ಹತ್ತು ದಿನ ಮುಚ್ಚಿಟ್ಟ. ನಮ್ಮ ಮನೆಗೆ ಬಂದ ಮೊದಲ ದುಬಾರಿ ವಸ್ತು ಅದು. ಏಳು ವರ್ಷ ಲಿಫ್ಟು ರಿಪೇರಿಯ ಗ್ರೀಸಿನಲ್ಲಿ ಕೈಯಿಟ್ಟವನು, ವಾರಕ್ಕೊಮ್ಮೆ ಆ ಅಂಗಡಿಯ ಗಾಜಿನ ಮುಂದೆ ನಿಂತು ನೋಡಿ ನೋಡಿ, ಕೊನೆಗೊಂದು ದಿನ ಒಳಗೆ ಹೋಗಿದ್ದ. ಅದಕ್ಕೆ ಬ್ಯಾಟರಿ ಇಲ್ಲ, ಕೀ ಕೊಡುವುದೂ ಬೇಕಾಗಿಲ್ಲ. ಹಿಂಬದಿಯ ಗಾಜಿನೊಳಗೆ ಅರ್ಧ ಬಿಲ್ಲೆಯಂಥ ಒಂದು ತೂಕದ ತಗಡು ಕಾಣುತ್ತದೆ. ಕೈ ಅಲುಗಿದಾಗೆಲ್ಲ ಅದು ಗಿರಕಿ ಹೊಡೆದು ಒಳಗಿನ ಸ್ಪ್ರಿಂಗನ್ನು ಸುತ್ತುತ್ತದೆ. ಆ ಸ್ಪ್ರಿಂಗು ಬಿಚ್ಚಿಕೊಳ್ಳುತ್ತಾ ಮುಳ್ಳುಗಳನ್ನು ನಡೆಸುತ್ತದೆ. ಕೈಯಿಂದ ಬಿಚ್ಚಿಟ್ಟರೆ ನಲವತ್ತು ಗಂಟೆ, ಹೆಚ್ಚೆಂದರೆ ಎರಡು ದಿನ. ಆಮೇಲೆ ನಿಲ್ಲಲೇಬೇಕು. ಫೋನಿನ ಪಕ್ಕ, ರೇಡಿಯೋದ ಪಕ್ಕ ಇಡಬಾರದು, ಅಯಸ್ಕಾಂತ ತಾಗಿದರೆ ಕೆಟ್ಟಿತು. ರಾತ್ರಿ ಒಂಬತ್ತರ ಮೇಲೆ ತಾರೀಕು ತಿರುಗಿಸಬಾರದು. ಬೆವರು ಒರೆಸಬೇಕು, ಬೆಲ್ಟಿಗೆ ನೀರು ಬೀಳಬಾರದು, ಐದು ವರ್ಷಕ್ಕೊಮ್ಮೆ ಬಿಚ್ಚಿ ಎಣ್ಣೆ ಹಾಕಿಸಬೇಕು. ಇದನ್ನೆಲ್ಲ ಲಿಫ್ಟಿನ ಬಾಗಿಲಲ್ಲಿ ಎಚ್ಚರಿಕೆ ಬರೆಯುವ ಹಾಗೆ ನಂಬರು ಹಾಕಿ ಬರೆದು ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿದ್ದಾನೆ. ಮನೆಯಲ್ಲಿ ಒಂದು ಛತ್ರಿಯನ್ನೂ ನೆಟ್ಟಗೆ ಇಟ್ಟುಕೊಂಡವನಲ್ಲ ಎಂದು ನಾನು ಎಷ್ಟು ನಕ್ಕಿದ್ದೆ. ಅವನು ಕೋಪ ಮಾಡಿಕೊಳ್ಳಲಿಲ್ಲ, ವಾಚನ್ನು ನನ್ನ ಕಿವಿಗೆ ಹಿಡಿದ.

ಹನ್ನೊಂದನೆಯ ದಿನ ಬೆಳಿಗ್ಗೆ ಅವನು ಆ ಹಳೆಯ ಕಟ್ಟಡದ ಲಿಫ್ಟಿನ ಗುಂಡಿಗೆ ಬಿದ್ದ. ಬರೆಯುವಾಗ ಈಗಲೂ ಕೈ ನಿಲ್ಲುತ್ತದೆ. ಲಿಫ್ಟಿನ ಮೋಟಾರಿನಲ್ಲಿ ಅಯಸ್ಕಾಂತ ಇರುತ್ತದೆಂದು ವಾಚನ್ನು ಬಿಚ್ಚಿ ಊಟದ ಚೀಲದಲ್ಲಿ ಇಟ್ಟಿದ್ದನಲ್ಲ, ಆ ಚೀಲ ಸಂಜೆ ಮನೆಗೆ ಬಂತು. ವಾಚು ಒಳಗೆ ನಡೆಯುತ್ತಲೇ ಇತ್ತು. ಮೂರನೆಯ ದಿನ ಬೆಳಿಗ್ಗೆ, ಮನೆ ತುಂಬ ಜನರಿದ್ದಾಗ ನಿಂತಿತು. ಅದನ್ನು ನಾನೊಬ್ಬಳೇ ನೋಡಿದೆ, ಯಾರಿಗೂ ಹೇಳಲಿಲ್ಲ. ಆಮೇಲೆ ನೀನೇ ಅದನ್ನು ನನ್ನ ಕೈಗೆ ಕೊಟ್ಟು, ನೀನಿಟ್ಟುಕೋ, ನನ್ನ ಕಣ್ಣಿಗೆ ಬೀಳಿಸಬೇಡ ಎಂದೆ. ಸ್ಕ್ಯಾನಿಂಗ್ ಕೋಣೆಯಲ್ಲಿ ಕೆಲಸ ಮಾಡುವ ನಾನು ವಾಚು ಕಟ್ಟುವ ಹಾಗಿಲ್ಲ. ಅಲ್ಲಿರುವುದು ಕೋಣೆಯಷ್ಟೇ ದೊಡ್ಡ ಅಯಸ್ಕಾಂತ. ಇಡೀ ವಾರ ಜನರನ್ನು ಮಲಗಿಸಿ ಅಲುಗಾಡಬೇಡಿ, ಅಲುಗಾಡಬೇಡಿ ಎಂದು ಹೇಳುವವಳಿಗೆ ಅಲುಗಾಡಿದರೆ ಮಾತ್ರ ನಡೆಯುವ ವಾಚು ಸಿಕ್ಕಿತು. ಭಾನುವಾರ ಒಂದು ದಿನ ಕಟ್ಟಿಕೊಳ್ಳುತ್ತಿದ್ದೆ. ಬೆಳಿಗ್ಗೆ ರೇಡಿಯೋ ಕೇಳಿ ಸಮಯ ಕೂಡಿಸುವುದು, ಸಂಜೆ ಕನ್ನಡಕದ ಬಟ್ಟೆಯಿಂದ ಒರೆಸಿ ಅವನ ಮೇಜಿನ ಖಾನೆಯಲ್ಲಿ ಇಡುವುದು. ಮಂಗಳವಾರ ಅದು ನಿಲ್ಲುತ್ತಿತ್ತು. ಮುಂದಿನ ಭಾನುವಾರ ತೆಗೆದರೆ ಸತ್ತ ಹಾಗೆ ಬಿದ್ದಿರುತ್ತಿತ್ತು, ನಾನು ಕೈಗೆ ಕಟ್ಟಿ ಅಲುಗಿಸಿದರೆ ಏಳುತ್ತಿತ್ತು. ಐದು ತಿಂಗಳು ಹೀಗೇ ನಡೆಯಿತು.

ಅಕ್ಟೋಬರಿನ ಒಂದು ಭಾನುವಾರ ಖಾನೆ ಎಳೆದಾಗ ಸೆಕೆಂಡಿನ ಮುಳ್ಳು ತಿರುಗುತ್ತಿತ್ತು. ಆ ಮುಳ್ಳು ಬೇರೆ ವಾಚುಗಳ ಹಾಗೆ ಟಕ್ ಟಕ್ ಎಂದು ಹಾರುವುದಿಲ್ಲ, ಜಾರಿಕೊಂಡು ಹೋಗುತ್ತದೆ. ಸಮಯವೂ ಸರಿಯಾಗಿಯೇ ಇತ್ತು. ವಾರದ ಮಧ್ಯೆ ನಾನೇ ತೆಗೆದು ಮರೆತಿರಬೇಕು ಎಂದುಕೊಂಡೆ. ಮುಂದಿನ ಭಾನುವಾರವೂ ಹಾಗೇ. ಅಷ್ಟರಲ್ಲಿ ನೀನು ಅಡುಗೆಮನೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿ, ನಿಜ ಹೇಳು, ನೀನೇನಾದರೂ ಕಟ್ಟಿಕೊಳ್ಳುತ್ತಿದ್ದೀಯಾ ಎಂದು ಕೇಳಿದೆ. ಅವನ ಕೋಣೆ ಗುಡಿಸುವಾಗ ನಿನಗೆ ಸದ್ದು ಕೇಳಿತ್ತಂತೆ. ಇಲ್ಲ ಎಂದಾಗ ನಿನ್ನ ಮುಖ ಹೇಗಾಯಿತೆಂದು ನಾನು ಮರೆತಿಲ್ಲ. ಆಮೇಲೆ ನೀನು ದಿನಾ ಹೋಗಿ ನೋಡತೊಡಗಿದೆ. ಕಿವಿಗಿಟ್ಟು ಕೇಳುತ್ತಿದ್ದೆ. ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿದೆ, ಆದರೂ ನಡೆಯಿತು. ಬೀಗ ಹಾಕಿ ಕೀಲಿಯನ್ನು ಬಾಗಿಲ ಹಿಂದಿನ ಮೊಳೆಗೆ ನೇತುಹಾಕುವುದು ಮೂವತ್ತು ವರ್ಷದಿಂದ ಈ ಮನೆಯಲ್ಲಿ ನಡೆದು ಬಂದದ್ದು. ಆವತ್ತು ಅದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಡಿಸೆಂಬರಿನ ಹೊತ್ತಿಗೆ ಅಡುಗೆಮನೆಯಲ್ಲಿ ನಿಂತರೂ ಕೇಳುತ್ತದೆ ಎನ್ನುತ್ತಿದ್ದೆ. ಎರಡು ಗೋಡೆ ದಾಟಿ, ಬೀರುವಿನ ಬಾಗಿಲು ದಾಟಿ ಅಷ್ಟು ಸಣ್ಣ ಸದ್ದು ಕೇಳುವುದು ಸಾಧ್ಯವೇ ಇಲ್ಲ ಎಂದು ನಾನು ವಾದ ಮಾಡಿದೆ. ವಾದ ಮಾಡುತ್ತಲೇ ನಾನೂ ಕಿವಿಗೊಡುತ್ತಿದ್ದೆ.

ಡಿಸೆಂಬರಿನ ಕೊನೆಗೆ ಚಿಕ್ಕಮ್ಮನ ಮನೆಗೆ ಹೊರಟಾಗ ಬಸ್ ಸ್ಟ್ಯಾಂಡಿನಲ್ಲಿ ನೀನು ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ, ಕ್ಷಮಿಸು. ಆ ಕೊನೆಯ ಸಂಜೆ ಅವನ ಅಂಗಿಯ ತೋಳು ಮೇಲಕ್ಕೆ ಸರಿದು ವಾಚು ನಿನ್ನ ಕಣ್ಣಿಗೆ ಬಿತ್ತು. ಮನೆಯವರಿಗೆಲ್ಲ ತೋರಿಸಿ ನಿನಗೊಬ್ಬಳಿಗೆ ಮುಚ್ಚಿಟ್ಟನಲ್ಲ ಎಂಬ ಸಿಟ್ಟು ಬೇರೆ. ಬಾಯಿಗೆ ಬಂದ ಹಾಗೆ ಬೈದೆ. "ಫೋನು ಒಡ್ದೆ, ಕನ್ನಡಕ ಮುರ್ದೆ, ನಿನ್ನ ಕೈಯಲ್ಲಿ ಇದು ಎಷ್ಟು ದಿನ ನಡೆಯುತ್ತೋ ನಾನೂ ನೋಡ್ತೀನಿ" ಎಂದೆ. ನೀನು ಅವನಿಗೆ ಹೇಳಿದ ಕಡೆಯ ಮಾತು ಅದು. ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟ, ರಾತ್ರಿ ಬರುವ ಹೊತ್ತಿಗೆ ನೀನು ಮಲಗಿದ್ದೆ, ಬೆಳಿಗ್ಗೆ ನೀನು ಏಳುವ ಮೊದಲೇ ಅವನು ಕೆಲಸಕ್ಕೆ ಹೋಗಿದ್ದ. ಬಸ್ಸಿನ ಕಿಟಕಿಯ ಸರಳು ಹಿಡಿದುಕೊಂಡು ನೀನು ನನಗೆ ಹೇಳಿದೆ: "ನಾನು ಕೇಳಿದ್ದಕ್ಕೆ ಈಗ ನಡೆಸಿ ತೋರಿಸ್ತಿದ್ದಾನೆ. ದಿನಾ ತೋರಿಸ್ತಿದ್ದಾನೆ. ನನ್ನ ಕೈಲಿ ಆಗಲ್ಲ." ಅಪ್ಪನಿಗೆ ಹೇಳಕೂಡದು ಎಂದು ನನ್ನಿಂದ ಮಾತು ತೆಗೆದುಕೊಂಡೆ. ಅಪ್ಪನ ಪಾಲಿಗೆ ನೀನು ತಂಗಿಯ ಮಂಡಿ ಆಪರೇಷನ್ನಿಗೆ ಹೋದವಳು. ನಾನು ಬಾಯಿಗೆ ಬೀಗ ಹಾಕಿಕೊಂಡು ಮನೆಗೆ ಬಂದೆ.

ನೀನು ಹೋದ ಮೇಲೆ ಅದು ನನ್ನ ಪಾಲಿಗೆ ಬಂತು. ದಿನಕ್ಕೆ ಇಪ್ಪತ್ತು ಜನರ ತಲೆಯೊಳಗನ್ನು ಪರದೆಯ ಮೇಲೆ ನೋಡುವವಳಿಗೆ ಭೂತ ಪ್ರೇತದ ನಂಬಿಕೆ ಎಲ್ಲಿಂದ ಬರಬೇಕು ಎಂದು ಜಂಬವಿತ್ತು. ಒಂದು ಪರೀಕ್ಷೆ ಮಾಡಿದೆ. ಜನವರಿಯಲ್ಲಿ ಒಂದು ಸೋಮವಾರ ವಾಚನ್ನು ಯಾರಿಗೂ ಹೇಳದೆ ಕೆಲಸಕ್ಕೆ ಒಯ್ದು, ಅಯಸ್ಕಾಂತದಿಂದ ದೂರವಿರುವ ನಮ್ಮ ಬಟ್ಟೆಯ ಕಪಾಟಿನಲ್ಲಿಟ್ಟೆ. ಬುಧವಾರದ ಹೊತ್ತಿಗೆ ಸರಿಯಾಗಿ ನಿಂತಿತು. ವಾರವಿಡೀ ನಿಂತೇ ಇತ್ತು. ಹಾಗಾದರೆ ವಾಚು ಕೆಟ್ಟಿಲ್ಲ. ನಮ್ಮ ಮನೆಯಲ್ಲಿ ಮಾತ್ರ ನಿಲ್ಲುವುದಿಲ್ಲ. ಅಷ್ಟೇ ಅಲ್ಲ, ಅದೇ ವಾರ ಸಂಜೆ ಮನೆಗೆ ಬಂದು ನೋಡಿದರೆ ಚಿಕ್ಕವನ ಮೇಜಿನ ಖಾನೆಗಳೆಲ್ಲ ಅರ್ಧರ್ಧ ತೆರೆದಿದ್ದವು. ಮರುದಿನ ಬೀರುವಿನ ಬಟ್ಟೆಗಳು ಮಡಿಕೆ ತಪ್ಪಿದ್ದವು. ಅದರ ಮರುದಿನ ಅವನ ಹಾಸಿಗೆಯ ಹೊದಿಕೆ ಒಂದು ಕಡೆಯಿಂದ ಎತ್ತಿದ ಹಾಗಿತ್ತು. ಯಾರೋ ಹುಡುಕುತ್ತಿದ್ದರು. ನನಗೆ ಒಂದೇ ಯೋಚನೆ ಬಂತು, ನಿನಗೂ ಅದೇ ಬರುತ್ತಿತ್ತು: ವಾಚಿನ ಒಡೆಯ ಬಂದು ಕೇಳುತ್ತಿದ್ದಾನೆ. ಶನಿವಾರ ಅದನ್ನು ವಾಪಸು ತಂದು ಖಾನೆಯಲ್ಲಿಟ್ಟೆ, ಸಮಯ ಕೂಡಿಸಿಟ್ಟೆ, ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳಿದೆ. ಖಾನೆಗಳು ತೆರೆಯುವುದು ನಿಂತಿತು, ವಾಚು ನಡೆಯತೊಡಗಿತು. ಅಲ್ಲಿಂದಾಚೆ ಆ ಕೋಣೆಗೆ ಹೋಗುವಾಗ ಬಾಗಿಲು ತಟ್ಟಿ ಹೋಗುವ ಅಭ್ಯಾಸವಾಯಿತು. ನಗಬೇಡ, ಖಾಲಿ ಕೋಣೆಯ ಬಾಗಿಲು ತಟ್ಟಿ ಒಂದು ಕ್ಷಣ ಕಾಯುತ್ತಿದ್ದೆ. ಎರಡು ಸಲ ನಿನ್ನ ಹಾಗೆ ನನಗೂ ಅಡುಗೆಮನೆಯಲ್ಲಿ ಸದ್ದು ಕೇಳಿತು.

ಹೋದ ಭಾನುವಾರ ತಡೆಯಲಾರದೆ ಅದನ್ನು ವಾಚ್ ರಿಪೇರಿಯವರ ಹತ್ತಿರ ಒಯ್ದೆ. ಪೋಸ್ಟ್ ಆಫೀಸಿನ ಎದುರು, ಮೆಟ್ಟಿಲ ಕೆಳಗೆ ಒಬ್ಬರೇ ಕೂರುವಷ್ಟು ಜಾಗದಲ್ಲಿ ಕೂರುತ್ತಾರಲ್ಲ, ಅವರೇ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಹಳ ಹೊತ್ತು ನೋಡಿದರು. ಕೆಟ್ಟಿದೆ ಎಂದುಬಿಡಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ. "ಇದಕ್ಕೇನೂ ಆಗಿಲ್ಲ ತಾಯಿ. ದಿನಾ ಯಾರೋ ಕಟ್ಕೊಳ್ತಿದ್ದಾರೆ" ಎಂದರು. ಯಾರೂ ಕಟ್ಟಿಕೊಳ್ಳುವುದಿಲ್ಲ, ಕಟ್ಟಿಕೊಳ್ಳುತ್ತಿದ್ದವನು ಇಲ್ಲ ಎಂದೆ. ಅವರು ವಾದ ಮಾಡಲಿಲ್ಲ. ಬೆಲ್ಟನ್ನು ಬೆಳಕಿಗೆ ಹಿಡಿದು ತೋರಿಸಿದರು. ಚಿಕ್ಕವನ ದಪ್ಪ ಮಣಿಕಟ್ಟಿನ ತೂತು ಯಾವುದೆಂದು ಗುರುತಿತ್ತು, ನನ್ನದು ಯಾವುದೆಂದೂ ಇತ್ತು. ಎರಡರ ನಡುವಿನ ತೂತಿನ ಹತ್ತಿರ ಚರ್ಮ ಹೊಸದಾಗಿ ಬಾಗಿ ಬಿಳಿಚಿಕೊಂಡಿತ್ತು. ಆಮೇಲೆ ಚಿಮಟದಿಂದ ಬೆಲ್ಟಿನ ಹೊಲಿಗೆಯೊಳಗಿಂದ, ವಾಚಿನ ಸಂದಿಯಿಂದ ಏನನ್ನೋ ಒಂದೊಂದಾಗಿ ತೆಗೆದು ಬಿಳಿ ಕಾಗದದ ಮೇಲೆ ಇಟ್ಟರು. ಕೂದಲಿನ ಚೂರುಗಳು. ಕೆಲವು ಕಪ್ಪು, ಕೆಲವು ಬಿಳಿ, ಒಂದು ಬಣ್ಣ ಹಚ್ಚಿದ್ದು. ಎಲ್ಲ ಕತ್ತರಿಯಲ್ಲಿ ಕತ್ತರಿಸಿದವು, ಒಬ್ಬರವಲ್ಲ, ಯಾರ್ಯಾರದೋ. ಆ ಚೂರುಗಳನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ ಅಮ್ಮಾ, ನೀನೂ ನೋಡಿದ್ದೀಯ. ಮೂವತ್ತೈದು ವರ್ಷದಿಂದ ಅಪ್ಪನ ಅಂಗಿಯ ಕಾಲರಿನಿಂದ, ತೋಳಿನಿಂದ ಅವನ್ನು ಕೊಡವಿ ಕೊಡವಿ ಒಗೆದವಳು ನೀನೇ ಅಲ್ಲವೇ.

ಬುಧವಾರ ಅರ್ಧ ದಿನ ರಜೆ ಹಾಕಿ ಎರಡು ಗಂಟೆಗೆ ಮನೆಗೆ ಬಂದೆ. ಅಪ್ಪ ಸಲೂನಿನಿಂದ ಊಟಕ್ಕೆ ಬಂದು ಮೂರರವರೆಗೆ ಇರುತ್ತಾರಲ್ಲ, ಮೊದಲೂ ಆ ಹೊತ್ತಿಗೆ ನೀನು ಹೊಲಿಗೆ ಕ್ಲಾಸಿನಲ್ಲಿ, ನಾನು ಕೆಲಸದಲ್ಲಿ. ಚಿಕ್ಕವನ ಕೋಣೆಯ ಬಾಗಿಲು ತೆರೆದಿತ್ತು. ಅಪ್ಪ ಮಂಚದ ಅಂಚಿನಲ್ಲಿ ಕುಳಿತಿದ್ದರು, ಬಲಗೈಗೆ ವಾಚು ಕಟ್ಟಿಕೊಂಡಿದ್ದರು. ಆ ಕೈಯನ್ನು ತೊಡೆಯ ಮೇಲೆ ಇಟ್ಟಿದ್ದರು. ಅದು ಅಲುಗುತ್ತಿತ್ತು. ಅವರು ಅಲುಗಿಸುತ್ತಿರಲಿಲ್ಲ, ಅದೇ ಅಲುಗುತ್ತಿತ್ತು. ಹೆಬ್ಬೆರಳು ಬೆರಳುಗಳ ಮೇಲೆ ಏನನ್ನೋ ಉಜ್ಜುತ್ತಿರುವ ಹಾಗೆ, ಬಿಡದೆ, ಒಂದೇ ಸಮನೆ. ಅಪ್ಪ ಅದನ್ನು ಆಟವಾಡುವ ಮಗುವನ್ನು ನೋಡುವ ಹಾಗೆ ಸುಮ್ಮನೆ ನೋಡುತ್ತಿದ್ದರು. ಆ ನಡುಕಕ್ಕೆ ಏನು ಹೆಸರೆಂದು ನನಗೆ ಗೊತ್ತು. ಅಂಥ ಎಷ್ಟೋ ಜನರನ್ನು ಮಲಗಿಸಿ ಅಲುಗಾಡಬೇಡಿ ಎಂದಿದ್ದೇನೆ. ಒಂದೇ ಮನೆಯಲ್ಲಿ ಎದುರು ಕೂತು ಊಟ ಮಾಡುತ್ತಾ ನನಗೆ ಕಾಣಲಿಲ್ಲವಲ್ಲ. ಅಪ್ಪ ಬಲಗೈಯನ್ನು ಸದಾ ಜೇಬಿನಲ್ಲೋ ಎಡಗೈಯ ಕೆಳಗೋ ಇಟ್ಟುಕೊಳ್ಳುತ್ತಿದ್ದುದನ್ನು ನಾವು ವಯಸ್ಸಾಯಿತು, ದುಃಖ ಬೇರೆ ಎಂದುಕೊಂಡೆವು.

ನನ್ನನ್ನು ನೋಡಿ ಅವರು ಬೆಚ್ಚಲಿಲ್ಲ. ಪಕ್ಕಕ್ಕೆ ಸರಿದು ಜಾಗ ಕೊಟ್ಟರು. "ಕೈ ಹೇಗೂ ಸುಮ್ನಿರಲ್ಲ. ಅವನ ವಾಚಾದ್ರೂ ನಡೀಲಿ ಅಂತ ಕಟ್ಕೊಂಡೆ" ಎಂದರು. ಮೊದಲ ಸಲ ಕಟ್ಟಿಕೊಂಡದ್ದು ಬರೀ ನೋಡೋಣವೆಂದಂತೆ. ಒಂದು ಸೋಮವಾರ ಮಧ್ಯಾಹ್ನ, ನಾನು ಭಾನುವಾರ ಕಟ್ಟಿಟ್ಟದ್ದು ಇನ್ನೂ ನಡೆಯುತ್ತಿದ್ದಾಗ. ಮರುದಿನವೂ ಕಟ್ಟಿಕೊಂಡರು, ಅದರ ಮರುದಿನವೂ. ಹೀಗೆ ಅದು ನಿಲ್ಲಲೇ ಇಲ್ಲ. ಆಮೇಲೆ ನೀನು ಅದನ್ನು ಕಿವಿಗಿಟ್ಟು ನಿಂತಿದ್ದನ್ನು ಬಾಗಿಲ ಸಂದಿಯಿಂದ ನೋಡಿದರಂತೆ. ಬೀರುವಿನಲ್ಲಿ ಬಟ್ಟೆ ಸುತ್ತಿ ಜೋಪಾನ ಮಾಡಿದ್ದನ್ನೂ ನೋಡಿದರು. "ಅದು ನಡೀತಿದ್ರೆ ಅವಳಿಗೆ ಸಮಾಧಾನ ಅಂತ ತಿಳ್ಕೊಂಡೆ. ಅದಕ್ಕೇ ಒಂದು ದಿನಾನೂ ತಪ್ಪಿಸಿಲ್ಲ." ಅಮ್ಮಾ, ಆಗ ನನ್ನ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಯಾವುದಕ್ಕೆ ಹೆದರಿ ನೀನು ಮನೆ ಬಿಟ್ಟು ಓಡಿದೆಯೋ ಅದನ್ನೇ ಅವರು ನಿನಗಾಗಿ ದಿನಕ್ಕೆರಡು ಗಂಟೆ ಕುಳಿತು ಮಾಡುತ್ತಿದ್ದರು. ನಾನು ವಾಚನ್ನು ಕೆಲಸಕ್ಕೆ ಒಯ್ದ ವಾರ ಖಾನೆ, ಬೀರು ಹುಡುಕಿದವರೂ ಅವರೇ. ಕಳೆದುಹೋಯಿತೆಂದು ಹೆದರಿ, ಕೇಳಿದರೆ ಗುಟ್ಟು ಬಯಲಾಗುತ್ತದೆಂದು ಕೇಳದೆ, ವಾರವಿಡೀ ಊಟ ಸೇರಲಿಲ್ಲವಂತೆ.

ಗುಟ್ಟು ಯಾಕೆಂದರೆ ಕ್ಷೌರದ ಕತ್ತಿ. ಆ ನಡುಕದ ರೀತಿಯೇ ಹಾಗೆ: ಕೈ ಸುಮ್ಮನಿದ್ದರೆ ನಡುಗುತ್ತದೆ, ಕೆಲಸಕ್ಕೆ ತೊಡಗಿದರೆ ನಿಲ್ಲುತ್ತದೆ. ಕತ್ತಿ ಹಿಡಿದಾಗ ಇಷ್ಟು ದಿನ ನಿಲ್ಲುತ್ತಿತ್ತು, ಆದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ನಿಮ್ಮಮ್ಮನಿಗೆ ಹೇಳಬೇಡ, ಕತ್ತಿ ಕಿತ್ತಿಡುತ್ತಾಳೆ ಎಂದು ನನ್ನ ಹತ್ತಿರ ಮಾತು ತೆಗೆದುಕೊಂಡರು. ಈ ಮನೆಯಲ್ಲಿ ಎಲ್ಲರೂ ನನ್ನಿಂದ ಮಾತು ತೆಗೆದುಕೊಳ್ಳುವವರೇ. ಕೊಟ್ಟೆ, ಮೂರು ದಿನ ಇಟ್ಟುಕೊಂಡೆ. ನಿನ್ನೆ ಶನಿವಾರ, ನಮ್ಮ ಹಿಂದಿನ ಬೀದಿಯ ನಿವೃತ್ತ ಮೇಷ್ಟ್ರು ಗಡ್ಡ ಮಾಡಿಸಿಕೊಂಡು ಮನೆಗೆ ಹೋಗುವಾಗ ದಾರಿಯಲ್ಲಿ ಸಿಕ್ಕರು. ಕಿವಿಯ ಕೆಳಗೆ ಹತ್ತಿ ಅಂಟಿಸಿತ್ತು. ಏನೂ ಇಲ್ಲಮ್ಮ, ನಾನೇ ಕತ್ತು ತಿರುಗಿಸಿದೆ ಎಂದು ಅಪ್ಪನ ಪರವಾಗಿ ಸುಳ್ಳು ಹೇಳಿ ಬೇಗಬೇಗ ಹೊರಟುಹೋದರು. ನಲವತ್ತು ವರ್ಷ ಇಡೀ ಬೀದಿಯ ಕತ್ತು ಅಪ್ಪನ ಕೈಗೆ ನಂಬಿ ಕೂತಿದೆ. ಇನ್ನೊಂದು ಬೆರಳಗಲ ಕೆಳಗಾಗಿದ್ದರೆ ಏನಾಗುತ್ತಿತ್ತು ಎಂದು ನೆನೆದು ರಸ್ತೆಯಲ್ಲೇ ನಿಂತುಬಿಟ್ಟೆ. ಆದ್ದರಿಂದ ಅಪ್ಪನಿಗೆ ಕೊಟ್ಟ ಮಾತನ್ನು ಈ ಪತ್ರದಲ್ಲಿ ಮುರಿಯುತ್ತಿದ್ದೇನೆ. ನಿನಗೆ ಕೊಟ್ಟದ್ದು ಇನ್ನೂ ಇದೆ.

ಈಗ ವಾಚು ಅಪ್ಪನ ಕೈಯಲ್ಲೇ ಇದೆ. ಗುರುವಾರ ಬಿಚ್ಚಿ ನನಗೆ ಕೊಡಲು ಬಂದರು. ನಾನೇ ಅವರ ತೂತಿಗೆ ಸರಿಯಾಗಿ ಕಟ್ಟಿ, ಸಂಜೆ ಒರೆಸಿಡಬೇಕು, ಕೂದಲು ಕೊಡವಬೇಕು ಎಂದು ಚಿಕ್ಕವನ ಪಾಠವನ್ನೆಲ್ಲ ಒಪ್ಪಿಸಿದೆ. ಇದೆಲ್ಲ ತಿಳಿದ ಮೇಲೆ ನನ್ನ ಹೆದರಿಕೆ ಹೋಗಬೇಕಿತ್ತು ಅಲ್ಲವೇ? ಹೋಗಿಲ್ಲ ಅಮ್ಮಾ. ಮೊದಲು ಆ ಸದ್ದಿನಲ್ಲಿ ಚಿಕ್ಕವನಿದ್ದ. ಈಗ ಅದು ಚೆನ್ನಾಗಿ ನಡೆದಷ್ಟೂ ಅಪ್ಪನ ಕೈ ಅಷ್ಟು ಕೆಟ್ಟಿದೆ ಎಂದು ಅರ್ಥ. ಬೆಳಿಗ್ಗೆ ಎದ್ದು ಮೊದಲು ಅದನ್ನೇ ನೋಡುತ್ತೇನೆ. ನಿಂತಿರಲಿ ಎಂದು ಆಸೆ, ನಿಂತುಬಿಟ್ಟರೆ ಎಂದು ಭಯ. ಇದಕ್ಕಿಂತ ಅವನೇ ಬಂದು ನಡೆಸುತ್ತಿದ್ದರೆ ಚೆನ್ನಾಗಿತ್ತು ಎಂದು ಒಂದೊಂದು ಸಲ ಅನ್ನಿಸುತ್ತದೆ. ಈಗಲೂ ಆ ಕೋಣೆಯ ಬಾಗಿಲು ತಟ್ಟಿಯೇ ಒಳಗೆ ಹೋಗುತ್ತೇನೆ.

ನೀನು ಬರಬೇಕು. ನಿನ್ನನ್ನು ಓಡಿಸಿದ್ದು ಅವನಲ್ಲ, ಅದು ತಿಳಿಯಿತಲ್ಲ. ನಮ್ಮಲ್ಲಿಗೆ ಬರುವ ನರರೋಗದ ಡಾಕ್ಟರು ಶುಕ್ರವಾರ ಅಪ್ಪನನ್ನು ನೋಡುತ್ತೇನೆಂದಿದ್ದಾರೆ. ಮಾತ್ರೆಗೆ ಹತೋಟಿಗೆ ಬರುತ್ತದೆ, ಹೆದರಬೇಡಿ ಎಂದಿದ್ದಾರೆ. ಅಪ್ಪ ಮಾತ್ರ ನಿಮ್ಮಮ್ಮ ಬರಲಿ ನೋಡೋಣ ಎನ್ನುತ್ತಾರೆ. ಕತ್ತರಿ ಹಿಡಿದು ಕೂದಲು ಕತ್ತರಿಸಿಕೊಂಡಿರಿ, ಕತ್ತಿಯನ್ನು ಮಾತ್ರ ಕೆಳಗಿಡಿ ಎಂದು ಹೇಳುವ ಧೈರ್ಯ ನನಗಿಲ್ಲ. ನಿನ್ನೆ ರಾತ್ರಿ ಊಟಕ್ಕೆ ಕುಳಿತಾಗ ಮೂರು ಸಲ ಬಾಯಿ ತೆರೆದು ಮೂರು ಸಲವೂ ನೀರು ಕುಡಿದೆ. ಕತ್ತಿಯನ್ನು ನನಗೆ ಅವರು ಕೊಡುವುದಿಲ್ಲ. ನೀನು ಕೈ ಚಾಚಿದರೆ ಕೊಡುತ್ತಾರೆ, ಗೊಣಗಿಕೊಂಡಾದರೂ ಕೊಡುತ್ತಾರೆ. ಚಿಕ್ಕಮ್ಮನಿಗೆ ನನ್ನ ನಮಸ್ಕಾರ ಹೇಳು, ಮಂಡಿಗೆ ಶಾಖ ಕೊಡುವುದನ್ನು ಬಿಡಬಾರದೆಂದು ಹೇಳು. ಚಿಕ್ಕಪ್ಪನಿಗೂ ನಮಸ್ಕಾರ. ಬರುವಾಗ ನಿನ್ನ ಸ್ವೆಟರು ಮರೆಯಬೇಡ.

ಇಂತಿ ನಿನ್ನ,
ದೊಡ್ಡವಳು

ಅಂಟಿಸುವ ಮುಂಚೆ, ಗಡಿಬಿಡಿಯಲ್ಲಿ: ಅಮ್ಮಾ, ನಿನಗೆ ಕೊಟ್ಟ ಮಾತನ್ನೂ ಮುರಿದೆ. ಲಕೋಟೆಯ ಮೇಲೆ ವಿಳಾಸ ಬರೆಯುತ್ತಿದ್ದಾಗ ಅಪ್ಪ ಊಟಕ್ಕೆ ಬಂದರು. ಪಕ್ಕದಲ್ಲಿ ಕುಳಿತು, ಮಂಡಿ ವಾಸಿಯಾಗಿದೆಯಲ್ಲ, ನಿಜವಾಗಿ ಅವಳು ಹೋದದ್ದು ಯಾಕೆ ಎಂದು ಕೇಳಿದರು. ಹೇಳಿಬಿಟ್ಟೆ, ನೀನು ಬೈದದ್ದನ್ನೂ ಸೇರಿಸಿ. ಆಮೇಲೆ ಹೇಳಿದರು: ಆ ಸಂಜೆ ಚಿಕ್ಕವನು ನಿನ್ನ ಹತ್ತಿರ ಬೈಸಿಕೊಂಡು ನೇರ ಸಲೂನಿಗೆ ಹೋಗಿ ಗಡ್ಡ ಮಾಡಿಸಿಕೊಂಡನಂತೆ. ಮುಖದ ತುಂಬ ನೊರೆ, ಆದರೂ ನಗು ನಿಲ್ಲಿಸಲೊಲ್ಲ, ಕುಯ್ಯುತ್ತೆ ಸುಮ್ಮನೆ ಕೂರೋ ಎಂದು ಅಪ್ಪ ಗದರಿದರಂತೆ. ಆಗ ಅವನು ಅಂದನಂತೆ: "ಅಮ್ಮಂಗೆ ವಾಚು ಇಷ್ಟ ಆಗಿದೆ ಅಪ್ಪಾ. ಬೈತಾ ಬೈತಾನೇ ಎರಡು ಸಲ ನನ್ನ ಕೈ ಹಿಡ್ಕೊಂಡು ಎತ್ತಿ ನೋಡಿದ್ಳು." ಬೈದದ್ದು ಏನೆಂದು ಅಪ್ಪ ಕೇಳಲಿಲ್ಲ, ಅವನೂ ಹೇಳಲಿಲ್ಲ. ನಿನಗೆ ಈ ಮಾತು ಬೇಕಾಗಿತ್ತು ಎಂದು ಅಪ್ಪನಿಗೆ ಹೇಗೆ ಗೊತ್ತಾಗಬೇಕು? ಹತ್ತು ತಿಂಗಳಿಂದ ಅವರ ಹತ್ತಿರವೇ ಇತ್ತು. ನೀನು ಅವನ ಕೈ ಹಿಡಿದುಕೊಂಡಿದ್ದೆಯಂತೆ ಅಮ್ಮಾ. ಅದನ್ನು ನೀನು ನನಗೆ ಹೇಳಲೇ ಇಲ್ಲ.